ಅರಿಶಿನ ಅಂದರೆ ಪುಡಿ ಅಲ್ವಾ?

ಕಳೆದ ತಿಂಗಳು ಸಿಂಗಪುರದ ಬೊಟಾನಿಕ್ ಗಾರ್ಡನ್ಸ್‌ಗೆ ಹೋಗಿದ್ದೆವು. 1859ರ ತೋಟ, 2015ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಆರ್ಕಿಡ್ ತೋಟಕ್ಕೆ ಬಿಟ್ಟರೆ ಟಿಕೆಟ್ ಇಲ್ಲ. ಜಿಂಜರ್ ಗಾರ್ಡನ್‌ನಲ್ಲಿ ಶುಂಠಿ, ಅರಿಶಿನದ ಬಳಗವೆಲ್ಲ ಇದೆ, ದೂರದ ನೆಂಟ ಬಾಳೆಯೂ ಸೇರಿ. ಆರು ವರ್ಷದ ಮಗಳಿಗೆ "ನೋಡು, ಅರಿಶಿನದ ಗಿಡ" ಎಂದೆ. "ನೋ ಅಮ್ಮಾ, ಅರಿಶಿನ ಈಸ್ ಪೌಡರ್" ಅಂದಳು! ತಪ್ಪು ಅವಳದಲ್ಲ. ಮಸಾಲೆ ಡಬ್ಬಿ ಬಿಟ್ಟು ಬೇರೆಲ್ಲಿ ನೋಡಿದ್ದಾಳೆ?

ಬರುವಾಗ ಟೆಕ್ಕಾ ಮಾರ್ಕೆಟ್‌ನಿಂದ ಹಸಿ ಅರಿಶಿನದ ಕೊಂಬು ತಂದೆವು. ನೀವೂ ಮಾಡಿ ನೋಡಿ. ಕಣ್ಣು ಮೇಲೆ ಬರುವಂತೆ ಎರಡು ಇಂಚು ಆಳಕ್ಕೆ ಹೂಳಿ. ಮೊಳಕೆಗೆ ವಾರಗಳೇ ಬೇಕು. ಅಲ್ಲಿಯವರೆಗೆ ನೀರು ಹೆಚ್ಚಾದರೆ ಕೊಳೆಯುತ್ತದೆ. ಕುಂಡದ ತಟ್ಟೆಯಲ್ಲಂತೂ ನೀರು ನಿಲ್ಲಲೇಬಾರದು, ಡೆಂಗಿ ಸೊಳ್ಳೆಗೆ ಅಷ್ಟೇ ಸಾಕು.

ವಿಡಿಯೊ ಕಾಲ್‌ನಲ್ಲಿ ಅಜ್ಜಿ "ಊಟ ಆಯ್ತಾ ಮಗಾ?" ಅಂದರೆ "ಹ್ಞೂಂ" ಎಂದು ಓಡುತ್ತಿದ್ದವಳು ಇವಳು. ನನ್ನ ಅಮ್ಮ ಆಮೇಲೆ ಸುಮ್ಮನೆ ಫೋನ್ ನೋಡುತ್ತಾ ಕೂರುತ್ತಿದ್ದರು, ನನಗೇ ನೋಡಲಾಗುತ್ತಿರಲಿಲ್ಲ. ಈಗ ಕುಂಡ ಎತ್ತಿಕೊಂಡು ಬರುತ್ತಾಳೆ: "ಅಜ್ಜೀ, ಇನ್ನೂ ಮೊಳಕೆ ಬರ್ಲಿಲ್ಲ!" ಎಲೆ ಅಗಲವಾದ ಮೇಲೆ ಅದರಲ್ಲೇ ಕಡುಬು ಸುತ್ತಿ ಬೇಯಿಸೋದು ಹೇಳಿಕೊಡ್ತಾರಂತೆ. ದಿನಾ ಮಣ್ಣು ಕೆದಕಿ ನೋಡಬೇಡ ಎಂದೂ ಹೇಳಿದ್ದಾರೆ.

ನಿನ್ನೆಯೂ ಕೆದಕಿದ್ದಾಳೆ.