ಕಡೆಯ ದೃಶ್ಯ ಕನಸೋ, ನನಸೋ?

ಚಲನಚಿತ್ರವೊಂದು ಮುಗಿದು, ದೀಪ ಹತ್ತಿ, ಪ್ರೇಕ್ಷಕನು ಎದ್ದು ನಿಂತ ಮೇಲೆಯೂ, ತಾನು ಇದುವರೆಗೆ ಕಂಡದ್ದು ನಾಯಕನ ಬಾಳೋ ಅವನ ಕನಸೋ ಎಂಬ ಸಂಶಯ ಪರಿಹಾರವಾಗದೆ ಉಳಿದರೆ, ಅದನ್ನು ಕಲೆಯ ಗುಣವೆಂದು ಎಣಿಸಬೇಕೋ, ದೋಷವೆಂದು ಎಣಿಸಬೇಕೋ? ಗೋಕಾಕ, ಮೂಡಲಗಿ, ಹುಕ್ಕೇರಿಗಳ ಜನಕ್ಕೆ ಈ ಪ್ರಶ್ನೆಯನ್ನು ವಿಚಾರಿಸುವ ಅಧಿಕಾರ ವಿಶೇಷವಾಗಿ ಉಂಟು. ಏಕೆಂದರೆ ಇರುಳೆಲ್ಲ ಕುಳಿತು ಕಥೆಯನ್ನು ನೋಡುವ ವಿದ್ಯೆಯನ್ನು ಅವರಿಗೆ ಕಲಿಸಿದ್ದು ಸಿನೆಮಾ ಅಲ್ಲ. ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮಂಡಿಸಿದ ಹೊರತು ಉತ್ತರಪಕ್ಷಕ್ಕೆ ಬಾಯಿ ತೆರೆಯುವ ಹಕ್ಕಿಲ್ಲವೆಂಬ ಹಿರಿಯರ ಕ್ರಮವನ್ನೇ ಇಲ್ಲಿ ಹಿಡಿದಿದ್ದೇನೆ; ನನ್ನ ಒಲವು ಎತ್ತ ಎಂಬುದನ್ನು ಮುಚ್ಚಿಡುವ ಉದ್ದೇಶವೇನೂ ಇಲ್ಲ.

ಪರ

ಈಗ ಮೂಡಲಗಿ ತಾಲ್ಲೂಕಿಗೆ ಸೇರಿರುವ ಕುಲಗೋಡದ ತಮ್ಮಣ್ಣನು ರಂಗಕ್ಕೆ ಒಗ್ಗಿಸಿದ, ಕೌಜಲಗಿಯ ನಿಂಗಮ್ಮನಂಥ ಕಲಾವಿದೆ ಊರೂರಿಗೆ ಕೊಂಡೊಯ್ದು ಮೆರೆಸಿದ ಶ್ರೀಕೃಷ್ಣ ಪಾರಿಜಾತವನ್ನು ಒಮ್ಮೆ ನೆನೆಯಿರಿ. ಸತ್ಯಭಾಮೆಯು ಒಂದು ಹೂವಿನ ನೆವದಲ್ಲಿ ಮುನಿದು ವಿರಹದಲ್ಲಿ ಬೇಯುತ್ತಿರುವಾಗಲೇ, ದೂತಿಯು ಭಾಗವತನೊಡನೆ ಮಾತಿಗೆ ನಿಂತು, ದ್ವಾರಕೆಯಿಂದ ಒಂದೇ ಹೆಜ್ಜೆಗೆ ಊರ ಸಂತೆಗೆ ಇಳಿದು, ಅಲ್ಲಿನ ಕುಚೋದ್ಯವನ್ನೆಲ್ಲ ಮುಗಿಸಿಕೊಂಡು, ಮತ್ತೊಂದೇ ಹೆಜ್ಜೆಗೆ ದ್ವಾರಕೆಯನ್ನು ಸೇರುತ್ತಾಳೆ. ಕಂಬಳಿ ಹೊದ್ದು ಕುಳಿತ ಒಕ್ಕಲಿಗನು ಇವೆರಡರಲ್ಲಿ ನಿಜವಾವುದೆಂದು ಎಂದಾದರೂ ಎದ್ದು ಕೇಳಿದ್ದುಂಟೆ? ಎರಡು ಲೋಕಗಳಲ್ಲಿ ಏಕಕಾಲಕ್ಕೆ ಕೂಡ್ರುವುದು ಅವನಿಗೆ ಸಹಜ. ಆಯಾಸವಾಗುವುದು ವಿಮರ್ಶಕನಿಗೆ ಮಾತ್ರ.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿ, ಗೋಕಾಕದಲ್ಲಿ ಓದಿ, ಮುಂದೆ ‘ಕಾಡು ಕುದುರೆ’ಯಂಥ ಚಿತ್ರವನ್ನು ತಾವೇ ನಿರ್ದೇಶಿಸಿದ ಚಂದ್ರಶೇಖರ ಕಂಬಾರರಿಗೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ತಂದ ‘ಸಿರಿಸಂಪಿಗೆ’ಯಲ್ಲಿ ರಾಜಕುಮಾರನು ತನ್ನನ್ನು ಎರಡು ಹೋಳಾಗಿ ಸೀಳಿಸಿಕೊಳ್ಳುತ್ತಾನೆ; ಒಂದು ಪಾಲು ಮನುಷ್ಯನಾಗಿ, ಇನ್ನೊಂದು ಸರ್ಪವಾಗಿ ಹೊರಬರುತ್ತದೆ. ಅದನ್ನು ಸ್ವಪ್ನವೆಂದು ಕರೆದು ಬದಿಗೆ ಸರಿಸಲಾದೀತೆ? ಐವತ್ತರ ದಶಕದಲ್ಲಿ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ನರ ಬಾಯಿಂದ ಕೇಳಿದ ಜನಪದ ಕಥೆಗಳನ್ನು ಹೆಣೆದು ಗಿರೀಶ ಕಾರ್ನಾಡರು 1988ರಲ್ಲಿ ರಚಿಸಿದ ‘ನಾಗಮಂಡಲ’ದಲ್ಲಿ, ನಾಯಕಿ ರಾಣಿಯ ಜಡೆಯಲ್ಲಿ ನಾಗನು ಸತ್ತನೆಂದು ಕಥೆ ಮುಗಿದರೂ, ಪಾಳು ಗುಡಿಯಲ್ಲಿ ನೆರೆದ ದೀಪದ ಜ್ವಾಲೆಗಳು ಅದಕ್ಕೊಪ್ಪದೆ ಬೇರೊಂದು ಮುಕ್ತಾಯವನ್ನು ಬೇಡುತ್ತವೆ, ಆಗ ನಾಗನು ಅವಳ ಕೇಶರಾಶಿಯಲ್ಲೇ ಜೀವದಿಂದ ನೆಲೆಸುತ್ತಾನೆ. ಒಂದೇ ಕಥೆಗೆ ಒಂದೇ ಕೊನೆ ಸಾಲದೆಂಬುದನ್ನು ಜನಪದವು ನಮಗಿಂತ ಮೊದಲೇ ಬಲ್ಲುದು.

ಇನ್ನು ಜನರ ವಂತಿಗೆಯ ಹಣದಿಂದ ತಯಾರಾಗಿ 2013ರ ಸೆಪ್ಟೆಂಬರಿನಲ್ಲಿ ತೆರೆಕಂಡ ಪವನ್ ಕುಮಾರರ ‘ಲೂಸಿಯಾ’. ಟಾಕೀಸಿನ ಕತ್ತಲಲ್ಲಿ ಟಾರ್ಚು ಹಿಡಿದು ಬಂದವರಿಗೆ ಕುರ್ಚಿ ತೋರಿಸುವ ನಿಕ್ಕಿಯು ನಿದ್ದೆ ಹತ್ತದೆ ಗುಳಿಗೆ ನುಂಗಿ, ಕನಸಿನಲ್ಲಿ ದೊಡ್ಡ ಚಿತ್ರತಾರೆಯಾಗುತ್ತಾನೆ. ಟಾರ್ಚಿನವನ ಬಾಳು ಬಣ್ಣದಲ್ಲಿ, ತಾರೆಯ ಬಾಳು ಕಪ್ಪು-ಬಿಳುಪಿನಲ್ಲಿ. ಕಡೆಗೆ ಎಲ್ಲವೂ ತಲೆಕೆಳಗಾಗಿ, ಬಣ್ಣದ್ದೇ ಕನಸು, ಕಪ್ಪು-ಬಿಳುಪಿನದೇ ನನಸು ಎಂದು ತಿಳಿಯುತ್ತದೆ. ಬುದ್ಧಿಯೇನೋ ಅದನ್ನು ಒಪ್ಪುತ್ತದೆ. ಆದರೆ ಪಿಜ್ಜಾ ಅಂಗಡಿಯಲ್ಲಿ ದುಡಿಯುವ ಶ್ವೇತಾಳಿಗಾಗಿ ಆ ಬಡವನು ಪಟ್ಟ ಪಾಡನ್ನು ಕಂಡ ಹೃದಯವು ಅಷ್ಟು ಸುಲಭವಾಗಿ ತನ್ನ ಸಾಕ್ಷ್ಯವನ್ನು ಹಿಂತೆಗೆದುಕೊಳ್ಳುವುದಿಲ್ಲ. ಆ ಹಟವನ್ನು ಗೌರವಿಸುವ ನಿರ್ದೇಶಕನು ಕೊನೆಯ ಮಾತನ್ನು ಪ್ರೇಕ್ಷಕನಿಗೇ ಬಿಟ್ಟರೆ ತಪ್ಪೇನು?

ವಿರೋಧ

ಪೂರ್ವಪಕ್ಷವು ಸೊಗಸಾಗಿದೆ, ಆದರೆ ಅದು ಕರೆತಂದ ಸಾಕ್ಷಿಗಳೆಲ್ಲರೂ ಎದುರು ಕಡೆಯವರು. ಪಾರಿಜಾತದ ದೂತಿ ದ್ವಾರಕೆಯಿಂದ ಸಂತೆಗೆ ಇಳಿಯುವಾಗ ಭಾಗವತನು ಪಕ್ಕದಲ್ಲೇ ನಿಂತಿರುತ್ತಾನೆ. ಯಾವ ಗಡಿಯನ್ನು ಯಾವಾಗ ದಾಟಿದೆವೆಂಬುದು ಅವನ ಪ್ರಶ್ನೆಯಿಂದಲೇ ಎಲ್ಲರಿಗೂ ವೇದ್ಯವಾಗುತ್ತದೆ. ಒಕ್ಕಲಿಗನು ಎದ್ದು ಕೇಳಲಿಲ್ಲವೆಂದರೆ, ಅವನಿಗಾಗಿ ಕೇಳುವವನೊಬ್ಬನು ರಂಗದ ಮೇಲೆಯೇ ಇದ್ದನೆಂದು ಅರ್ಥ. ‘ನಾಗಮಂಡಲ’ಕ್ಕೆ ಎರಡು ಕೊನೆಗಳುಂಟು, ನಿಜ, ಆದರೆ ಅವೆರಡೂ ಸ್ಫಟಿಕದಷ್ಟು ಸ್ಪಷ್ಟ. ಎರಡು ಉತ್ತರ ಕೊಡುವುದು ಬೇರೆ, ಉತ್ತರವನ್ನೇ ಕೊಡದಿರುವುದು ಬೇರೆ. ‘ಲೂಸಿಯಾ’ ಅಂತೂ ನಿರ್ದಾಕ್ಷಿಣ್ಯವಾಗಿ ತೀರ್ಪು ಹೇಳಿದ ಚಿತ್ರ. ಬಣ್ಣದ ಸಂಕೇತವನ್ನು ತಲೆಕೆಳಗು ಮಾಡಿ, ಅದರಂತೆ ಕೊನೆಯವರೆಗೆ ನಡೆದುಕೊಂಡದ್ದರಿಂದಲೇ ಎರಡನೆಯ ಸಲ ನೋಡುವಾಗ ಒಂದೊಂದು ದೃಶ್ಯವೂ ಹೊಸ ಅರ್ಥದಿಂದ ಕಾಣುತ್ತದೆ. ಹೃದಯ ಮಿಡಿಯುವುದೂ ಆ ತೀರ್ಪಿನ ಕಾರಣದಿಂದಲೇ. ಬಣ್ಣದ ಬಾಳು ಇಲ್ಲವೆಂದು ತಿಳಿಯದ ಹೊರತು ಅದನ್ನು ಕಳೆದುಕೊಂಡ ದುಃಖ ಎಲ್ಲಿಂದ ಬರಬೇಕು?

ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಪಾಳಿ ಮುಗಿಸಿ ಟಾಕೀಸಿಗೆ ಬಂದವನಿಗೆ ಇಂಥ ಚಿತ್ರಗಳು ಅರ್ಥವಾಗವೆಂದು ಹೇಳುವುದು ನನ್ನ ವಾದವಲ್ಲ. ಅವನಿಗೆ ಅರ್ಥವಾಗುತ್ತದೆ, ನಿರ್ದೇಶಕನಿಗೇ ಅರ್ಥವಾಗಿಲ್ಲವೆಂಬುದೂ ಅವನಿಗೆ ಅರ್ಥವಾಗುತ್ತದೆ. ಹುಕ್ಕೇರಿ ತಾಲ್ಲೂಕಿನ ಹುನ್ನೂರಿನ ವಿಠ್ಠಲನ ಗುಡಿಯು ಹಿಡಕಲ್ ಜಲಾಶಯ ತುಂಬಿದಾಗ ಮುಳುಗಿ, ಬೇಸಗೆಯಲ್ಲಿ ನೀರು ಇಳಿದಾಗ ಮತ್ತೆ ಮೇಲೇಳುತ್ತದೆ; ನೀರು ಮರೆಮಾಡುವುದು ಗುಡಿಯ ದರ್ಶನವನ್ನು, ಗುಡಿಯನ್ನಲ್ಲ. ಕಥೆಯ ಸತ್ಯವನ್ನೂ ಹಾಗೆ ಮುಳುಗಿಸಿಡಬಹುದು. ಆದರೆ ಅಡಿಯಲ್ಲಿ ಗುಡಿ ಇರಬೇಕು. ಕ್ರಿಸ್ಟೋಫರ್ ನೋಲನ್ನರ ‘ಇನ್‌ಸೆಪ್ಷನ್’ ಚಿತ್ರದ ಕಡೆಯಲ್ಲಿ ಮೇಜಿನ ಮೇಲೆ ತಿರುಗುವ ಬುಗುರಿ ಬೀಳುವ ಮುನ್ನವೇ ತೆರೆ ಕಪ್ಪಾಗುತ್ತದಲ್ಲ, ಅದು ಹೇಗೋ ಸಹ್ಯ. ನಾಯಕನು ಬುಗುರಿಯ ಕಡೆ ನೋಡದೆ ಮಕ್ಕಳತ್ತ ನಡೆದನೆಂಬ ಸಂಗತಿಯಲ್ಲಿ ಒಂದು ಉತ್ತರವಾದರೂ ಅಡಗಿದೆ. ಅದನ್ನು ನೋಡಿ ಇಲ್ಲಿ ಬುಗುರಿ ತಿರುಗಿಸಲು ಹೊರಟವರಿಗೆ ಆ ನೆವವೂ ಇಲ್ಲ.

ಆದರೆ ನನ್ನ ಮುಖ್ಯ ಆಕ್ಷೇಪ ಕುಶಲತೆಗೆ ಸಂಬಂಧಿಸಿದುದಲ್ಲ, ನ್ಯಾಯಕ್ಕೆ ಸಂಬಂಧಿಸಿದುದು. ಜರ್ಮನಿಯಲ್ಲಿ 1920ರಲ್ಲಿ ತೆರೆಕಂಡ ‘ಡಾಕ್ಟರ್ ಕ್ಯಾಲಿಗರಿ’ಯ ಚಿತ್ರದಲ್ಲಿ, ನಿದ್ರಾಚಾರಿಯೊಬ್ಬನನ್ನು ವಶಪಡಿಸಿಕೊಂಡು ಅವನಿಂದ ಕೊಲೆ ಮಾಡಿಸುವ ಅಧಿಕಾರಸ್ಥನ ಕ್ರೌರ್ಯವನ್ನೆಲ್ಲ ತೋರಿಸಿ, ಕಡೆಯಲ್ಲಿ ಕಥೆ ಹೇಳಿದವನೇ ಹುಚ್ಚಾಸ್ಪತ್ರೆಯ ರೋಗಿಯೆಂದು ಬಿಡುತ್ತಾರೆ, ಅಷ್ಟರಿಂದಲೇ ಕ್ರೂರಿಯು ಕರುಣಾಳು ವೈದ್ಯನಾಗಿ, ದೂರಿದವನೇ ಅಪರಾಧಿಯಾಗುತ್ತಾನೆ. ‘ನಾಗಮಂಡಲ’ದ ಅಪ್ಪಣ್ಣನು ದಿನವೂ ಮಧ್ಯಾಹ್ನ ಬಂದು, ಉಂಡು, ಹೆಂಡತಿ ರಾಣಿಯನ್ನು ಒಳಗೇ ಕೂಡಿ, ಹೊರಗಿನಿಂದ ಬೀಗ ಜಡಿದು ಹೋಗುತ್ತಾನೆ, ನಾಗನು ಇರುಳಲ್ಲಿ ಬಂದನೋ ಇಲ್ಲವೋ ಎಂದು ನಾವು ಬೆಳಗಿನವರೆಗೂ ವಾದಿಸಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಎಲ್ಲವೂ ಅವಳ ಸ್ವಪ್ನವಿದ್ದೀತೆಂದು ಸೂಚಿಸಿ ಕೈತೊಳೆದುಕೊಳ್ಳುವ ನಿರ್ದೇಶಕನೊಬ್ಬನು ನಾಳೆ ಈ ಕಥೆಯನ್ನು ಎತ್ತಿಕೊಂಡರೆ, ಅವನನ್ನು ಕೇಳಬೇಕಾದುದು ಒಂದೇ: ಹಾಗಿದ್ದರೆ, ಅಯ್ಯಾ, ಆ ಬೀಗವನ್ನು ಹಾಕಿದವರು ಯಾರು?