ಮಂಡಿ ಮಡಚಲಾಗದಿದ್ದರೆ ಅದನ್ನೇ ಮೊದಲು ಹೇಳಿ

ಹೋದ ತಿಂಗಳು ಊರಿಗೆ ದುಡ್ಡು ಕಳಿಸುವ ಲೆಕ್ಕ ಬರೆದಿದ್ದೆವು. ಈ ಸಲ ಮೈಯ ಲೆಕ್ಕ. ನಾವು ಓದಿದ್ದು ಬಿಕಾಂ, ಡಾಕ್ಟರಿಕೆ ನಮ್ಮದಲ್ಲ. ಆದರೆ ಒಬ್ಬರ ಜೊತೆ ಕ್ಲಿನಿಕ್ಕಿಗೆ ಹೋಗಿ, ಡಾಕ್ಟರ ಹಿಂದಿಯನ್ನು ಕನ್ನಡಕ್ಕೆ ದಾಟಿಸುತ್ತ ಕೂತಾಗ ಕಲಿತದ್ದು ನಿಮಗೂ ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇವೆ.

ಬಾಗಲಕೋಟೆ ಕಡೆಯ ಈ ತಮ್ಮ ದುಬೈಗೆ ಬಂದು ಹನ್ನೊಂದು ವರ್ಷ. ಟೈಲ್ಸ್ ಹಾಕುವ ಕೆಲಸ. ದಿನವಿಡೀ ಮಂಡಿಯೂರಬೇಕು, ಇಲ್ಲವೇ ಕುಕ್ಕರುಗಾಲಲ್ಲಿ ಕೂರಬೇಕು. ಎರಡು ವರ್ಷದಿಂದ ಎರಡೂ ಮೊಣಕಾಲು ನೋವು, ಬಲಗಾಲಿಗೆ ಬಾವು ಬೇರೆ. ಯಾರಿಗೂ ಹೇಳುತ್ತಿರಲಿಲ್ಲ. "ಫೋರ್‌ಮನ್‌ಗೆ ಗೊತ್ತಾದ್ರ ಊರಿಗೆ ಕಳಸ್ತಾರ್ರಿ ಅಣ್ಣಾರ, ತಂಗಿ ಮದುವಿ ಸಾಲ ಇನ್ನೂ ಹಂಗ ಐತಿ" ಅನ್ನುತ್ತಿದ್ದ. ನಾವು ರಜೆಗೆ ಹೋದಾಗಲೆಲ್ಲ "ಬರಾಗ ಆ ಗುಳಿಗಿ ತಗೊಂಡ್ ಬರ್ರಿ" ಅಂತ ಫೋನು. ನಾವೂ ತರುತ್ತಿದ್ದೆವು, ಡೈಕ್ಲೋಫೆನಾಕ್, ಹತ್ತು ಹತ್ತು ಸ್ಟ್ರಿಪ್. ಉಪಕಾರ ಮಾಡುತ್ತಿದ್ದೇವೆ ಅಂದುಕೊಂಡಿದ್ದೆವು.

ಅವನು ಮೊದಲು ಎರಡು ಸಲ ಡಾಕ್ಟರ ಹತ್ತಿರ ಹೋಗಿದ್ದನಂತೆ. "ನೋವು" ಅಂದ, ಅವರು ಐದು ದಿನದ ಮಾತ್ರೆ ಬರೆದರು, ಮುಗಿಯಿತು. ಈ ಸಲದ ಡಾಕ್ಟರು ಕೇಳಿದ ಪ್ರಶ್ನೆ ಬೇರೆ. "ನೋವು ಇರಲಿ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ನಿನ್ನ ಕೈಲಿ ಏನು ಆಗುತ್ತಿಲ್ಲ, ಅದನ್ನು ಹೇಳು."

ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೊಂದಾಗಿ ಹೇಳಿದ. ಮೇಲಿನ ಮಂಚಕ್ಕೆ ಹತ್ತಲು ಆಗುತ್ತಿಲ್ಲ. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಕಂಬಿ ಹಿಡಿಯಲೇಬೇಕು. ಪಾಯಿಖಾನೆಯಲ್ಲಿ ಕೂತರೆ ಏಳಲು ಗೋಡೆ ಬೇಕು. ಮಂಡಿಯೂರಿದರೆ ಹತ್ತು ನಿಮಿಷಕ್ಕೆ ಬೆಂಕಿ ಇಟ್ಟ ಹಾಗೆ. ಆಮೇಲೆ ತಲೆ ತಗ್ಗಿಸಿ, "ಎಲ್ಲಾರ ಜೋಡಿ ನೆಲದ ಮ್ಯಾಲ ಕುಂತು ಉಣ್ಣಾಕ ಆಗವಲ್ದು" ಅಂದ. ನಾಲ್ಕು ತಿಂಗಳಿಂದ ನಿಂತೇ ಊಟ ಮಾಡುತ್ತಿದ್ದನಂತೆ. ಪಕ್ಕದ ರೂಮಿನ ನಮಗೇ ಗೊತ್ತಿರಲಿಲ್ಲ.

ಡಾಕ್ಟರು ಇನ್ನೊಂದು ಕೇಳಿದರು: ಬೆಳಿಗ್ಗೆ ಎದ್ದಾಗ ಕಾಲು ಎಷ್ಟು ಹೊತ್ತು ಬಿಗಿಯಾಗಿರುತ್ತದೆ? ಹತ್ತು ನಿಮಿಷ ಅಂದ. ಒಂದು ಗಂಟೆ ಮೇಲೆ ಬಿಗಿತ ಇದ್ದು, ಓಡಾಡಿದ ಮೇಲೆ ಸಡಿಲವಾದರೆ, ಕೈಬೆರಳಿನ ಗಂಟುಗಳೂ ಊದಿದರೆ ಅದು ಬೇರೆ ಜಾತಿಯ ಉರಿಯೂತವಾಗಿರಬಹುದು. ಅದಕ್ಕೆ ರಕ್ತಪರೀಕ್ಷೆ ಬೇಕು, ಕೀಲುರೋಗದ ಡಾಕ್ಟರು ಬೇಕು, ಔಷಧಿಯೇ ಬೇರೆ. ಬೇಗ ಶುರು ಮಾಡಿದರೆ ಕೀಲು ಉಳಿಯುತ್ತದೆ. ಇವನದ್ದು ಕೀಲಿನ ಸವೆತ, ಜೊತೆಗೆ ಮಂಡಿಚಿಪ್ಪಿನ ಮುಂದಿರುವ ನೀರಿನ ಚೀಲ ಊರಿ ಊರಿ ಬಾತುಕೊಂಡಿದೆ ಅಂದರು.

ಮುಂದಿನದ್ದು ನಮ್ಮ ಕೆಲಸದ ಹಾಗೆಯೇ ಕಂಡಿತು. ಒಟ್ಟು ಮೊತ್ತ ನೋಡಿ ಯಾರೂ ಲೆಕ್ಕ ಸರಿ ಮಾಡುವುದಿಲ್ಲ, ವೋಚರು ವೋಚರು ನೋಡಬೇಕು. ಅವನು ಹೇಳಿದ ಒಂದೊಂದು ಸಾಲಿಗೂ ಒಂದೊಂದು ದಾರಿ. ಮೆಟ್ಟಿಲು ಇಳಿಯಲಾಗದ್ದು ತೊಡೆಯ ಮುಂಭಾಗದ ಸ್ನಾಯು ಸೊರಗಿದ್ದರಿಂದ. ಮಲಗಿಕೊಂಡು ಕಾಲು ನೇರ ಎತ್ತುವುದು, ಎತ್ತರದ ಕುರ್ಚಿಯಿಂದ ಕೈ ಊರದೆ ಏಳುವುದು, ದಿನಾ. ಮಂಡಿಯೂರಲಾಗದ್ದಕ್ಕೆ ಆರು ವಾರ ಮಂಡಿ ಊರುವಂತಿಲ್ಲ ಅಂತ ಕಂಪನಿಗೆ ಚೀಟಿ, ಆಮೇಲೆ ದಪ್ಪ ಮಂಡಿಪ್ಯಾಡು. ಮಂಚ ಕೆಳಗಿನದ್ದು. ಕಮೋಡು ಇರುವ ಪಾಯಿಖಾನೆ. ಹಾಗಂತ ಪೂರ್ತಿ ಮಲಗಬೇಡ, ಮಲಗಿದರೆ ಸ್ನಾಯು ಇನ್ನೂ ಸೊರಗುತ್ತದೆ ಅಂತ ಎರಡು ಸಲ ಹೇಳಿದರು.

ಮಾತ್ರೆಯ ಮಾತು ಬಂದಾಗ ನಾವು ಸ್ಟ್ರಿಪ್ಪಿನ ವಿಷಯ ಹೇಳಿದೆವು. ರಕ್ತಪರೀಕ್ಷೆ ಮಾಡಿಸಿದರು. ಕ್ರಿಯಾಟಿನಿನ್ ಇರಬೇಕಾದ್ದಕ್ಕಿಂತ ಮೇಲಿತ್ತು. ಈ ಬಿಸಿಲಿನಲ್ಲಿ ಬೆವರಿ, ನೀರು ಕಡಿಮೆ ಕುಡಿದು, ದಿನಾ ಈ ಮಾತ್ರೆ ನುಂಗಿದರೆ ಕಿಡ್ನಿಗೆ ಪೆಟ್ಟು, ಹೊಟ್ಟೆಯಲ್ಲಿ ಹುಣ್ಣು. ಬಿಪಿ ಮಾತ್ರೆ ತಗೊಳ್ಳುವವರಿಗೆ ಅಪಾಯ ಇನ್ನೂ ಜಾಸ್ತಿ. ಮಾತ್ರೆ ನಿಲ್ಲಿಸಿ, ಹಚ್ಚುವ ಜೆಲ್ ಬರೆದುಕೊಟ್ಟರು. ತಂದುಕೊಟ್ಟ ಕೈ ನಮ್ಮದೇ ಆದ್ದರಿಂದ ಅವತ್ತು ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಚೀಟಿ ನೋಡಿ ಕಂಪನಿ ಊರಿಗೆ ಕಳಿಸಲಿಲ್ಲ. ನಿಂತು ಟೈಲ್ಸ್ ಕತ್ತರಿಸುವ ಮಷೀನಿಗೆ ಹಾಕಿದರು. ಆರು ವಾರ ಓವರ್‌ಟೈಮ್ ಹೋಯಿತು, ಮನೆಗೆ ಹೋಗುವ ದುಡ್ಡಿಗೂ ಕತ್ತರಿ ಬಿತ್ತು, ಅದು ನಿಜ. ಎಲ್ಲ ಕಂಪನಿಯೂ ಹೀಗೇ ಅಂತ ನಾವು ಹೇಳಲಾರೆವು. ಈಗ ಮೂರು ತಿಂಗಳಾಯಿತು. ನೋವು ಪೂರ್ತಿ ಹೋಗಿಲ್ಲ. ಮೆಟ್ಟಿಲನ್ನು ಕಂಬಿ ಹಿಡಿಯದೆ ಇಳಿಯುತ್ತಾನೆ. ಕಿಡ್ನಿ ಪರೀಕ್ಷೆ ಮತ್ತೆ ಮಾಡಿಸಿದಾಗ ಇಳಿದಿತ್ತು.

ಕ್ಲಿನಿಕ್ಕಿಗೆ ಹೋಗುವ ಮುಂಚೆ ನೀವೂ ಒಂದು ಕಾಗದದಲ್ಲಿ ಬರೆದುಕೊಳ್ಳಿ: ಏನು ಮಾಡಲಾಗುತ್ತಿಲ್ಲ, ಎಷ್ಟು ನಿಮಿಷ ನಿಲ್ಲಬಲ್ಲೆ, ಬೆಳಗಿನ ಬಿಗಿತ ಎಷ್ಟು ಹೊತ್ತು, ಯಾವ ಮಾತ್ರೆ ಎಷ್ಟು ದಿನದಿಂದ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಕೀಲಿಗೆ ಹಾಕುವ ಸ್ಟೀರಾಯ್ಡ್ ಇಂಜೆಕ್ಷನ್ನಿನಿಂದ ಸಕ್ಕರೆ ಕೆಲವು ದಿನ ಏರುತ್ತದೆ. ಬೆನ್ನುನೋವಿನ ಜೊತೆ ಮೂತ್ರ ಅಥವಾ ಮಲ ಹಿಡಿತ ತಪ್ಪಿದರೆ, ಕಾಲು ಸೋತರೆ, ಕೂರುವ ಜಾಗ ಮರಗಟ್ಟಿದರೆ ಕಾಯಬೇಡಿ, ಅವತ್ತೇ ಎಮರ್ಜೆನ್ಸಿಗೆ ಹೋಗಿ. ಕೀಲು ಕೆಂಪಾಗಿ ಬಿಸಿಯಾಗಿ ಜ್ವರ ಬಂದರೂ ಅಷ್ಟೇ.

ಇನ್ನೆರಡು ಮಾತು. ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನದವರೆಗೆ ಕಾಯಿಲೆ ರಜೆ ಇದೆ: ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದದ್ದಕ್ಕೆ ಸಂಬಳ ಇಲ್ಲ. ಮೂರು ಕೆಲಸದ ದಿನದೊಳಗೆ ಕಂಪನಿಗೆ ತಿಳಿಸಬೇಕು. ಎರಡನೆಯದು, ಊರಿಂದ ಟ್ರಮಡಾಲ್‌ನಂಥ ನೋವಿನ ಮಾತ್ರೆ ಅನುಮತಿಯಿಲ್ಲದೆ ತಂದರೆ ಏರ್‌ಪೋರ್ಟಿನಲ್ಲೇ ಕೇಸು. ಬೇರೆಯವರ ಪೊಟ್ಟಣವನ್ನು ಬ್ಯಾಗಿನಲ್ಲಿ ಹಾಕಿಕೊಳ್ಳಬೇಡಿ.

ಹೋದ ಶುಕ್ರವಾರ ಎಲ್ಲರೂ ಪೇಪರು ಹಾಸಿ ಊಟಕ್ಕೆ ಕೂತಿದ್ದೆವು. ಅವನು ಒಂದು ಗಿಡ್ಡ ಸ್ಟೂಲು ತಂದು ನಮ್ಮ ಪಕ್ಕದಲ್ಲೇ ಕೂತ. "ನೆಲಕ್ಕ ಇನ್ನಾ ಒಂದ್ ಗೇಣು ಐತ್ರಿ ಅಣ್ಣಾರ" ಅಂದು ನಕ್ಕ. ರೊಟ್ಟಿ ಅವನ ಕಡೆ ಸರಿಸಿದೆವು.