ಇದರಿಂದ ಏನು ಉಪಯೋಗ?

‘ಹಾಡು ಯಾವಾಗ ಶುರುವಾಗುತ್ತೋ ಮಗಾ?’

ಇಂಟರ್ನಲ್ಸ್ ಮುಗಿದ ರಾತ್ರಿ ನನ್ನ ಇಯರ್‌ಫೋನಿನ ಒಂದು ತುದಿಯನ್ನು ಕಿವಿಗೆ ಸಿಕ್ಕಿಸಿಕೊಂಡ ರೂಮ್‌ಮೇಟ್ ಐದು ನಿಮಿಷ ಕಾದು ಹೀಗೆ ಕೇಳಿದ. ಶುರುವಾಗಿ ಐದು ನಿಮಿಷವಾಯಿತು ಎಂದೆ. ‘ಇದರಿಂದ ಏನು ಉಪಯೋಗ?’ ಎಂದವನೇ ಆಪ್ಟಿಟ್ಯೂಡ್ ಪುಸ್ತಕ ತೆರೆದ.

ನಾನು ಕೇಳುತ್ತಿದ್ದದ್ದು ಅಮೆರಿಕದ ಸಂಯೋಜಕ ಜಾನ್ ಲೂಥರ್ ಆಡಮ್ಸ್ ಅವರ ‘ಬಿಕಮ್ ಓಷನ್’, ಅಂದರೆ ‘ಕಡಲಾಗು’. 2013ರ ಜೂನ್‌ನಲ್ಲಿ ಸಿಯಾಟಲ್ ಸಿಂಫನಿ ಮೊದಲ ಬಾರಿಗೆ ನುಡಿಸಿದ, ಸುಮಾರು 42 ನಿಮಿಷಗಳ ಆರ್ಕೆಸ್ಟ್ರಾ ಕೃತಿ ಇದು. ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು, 2015ರಲ್ಲಿ ಗ್ರ್ಯಾಮಿ. ಧ್ವನಿಮುದ್ರಿಕೆ ಕೇಳಿ ಮೆಚ್ಚಿದ ಟೇಲರ್ ಸ್ವಿಫ್ಟ್ ಆ ಆರ್ಕೆಸ್ಟ್ರಾಗೆ 50,000 ಡಾಲರ್ ದೇಣಿಗೆ ಕೊಟ್ಟರು.

ಗುನುಗಿಕೊಳ್ಳಲು ಇದರಲ್ಲಿ ಒಂದು ಸಾಲೂ ಸಿಗುವುದಿಲ್ಲ. ಆದರೆ ಲೆಕ್ಕ ಸಿಗುತ್ತದೆ. ಆರ್ಕೆಸ್ಟ್ರಾ ಮೂರು ಗುಂಪಾಗಿ ದೂರ ದೂರ ಕೂರುತ್ತದೆ: ಕೊಳಲಿನಂಥ ಊದುವಾದ್ಯಗಳು, ಹಿತ್ತಾಳೆಯ ಕಹಳೆಗಳು, ತಂತಿವಾದ್ಯಗಳು. ಪ್ರತಿ ಗುಂಪೂ ಅಲೆಯಂತೆ ನಿಧಾನವಾಗಿ ಏರಿ ಇಳಿಯುತ್ತದೆ. ಆದರೆ ಒಂದರ ಅಲೆಯಷ್ಟು ಉದ್ದ ಇನ್ನೊಂದರದ್ದಲ್ಲ. ಮೂರು ಗಂಟೆಗಳು ಬೇರೆ ಬೇರೆ ಅಂತರದಲ್ಲಿ ಬಾರಿಸುತ್ತವೆ, ಮತ್ತೆ ಒಟ್ಟಿಗೆ ಬಾರಿಸುವುದು ಯಾವಾಗ ಎಂಬ ಲ.ಸಾ.ಅ. ಲೆಕ್ಕವನ್ನು ಹೈಸ್ಕೂಲಿನಲ್ಲಿ ಮಾಡಿದ್ದೇವಲ್ಲ, ಅದು ನೆನಪಾಗುತ್ತದೆ. ಇಡೀ ಕೃತಿಯಲ್ಲಿ ಮೂರೇ ಸಲ ಮೂರೂ ಅಲೆಗಳ ನೆತ್ತಿ ಒಟ್ಟಿಗೆ ಬರುತ್ತದೆ. ಆಗ ಸದ್ದು ಕಿವಿಗಲ್ಲ, ಎದೆಗೇ ಬಡಿಯುತ್ತದೆ. ನಡುವಿನ ಶಿಖರ ದಾಟಿದ ಮೇಲೆ ಸಂಗೀತ ‘ವಿಕಟಕವಿ’ ಪದದ ಹಾಗೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ.

ನೀರು ಏರುತ್ತಿದೆ ಎಂದು ಗೊತ್ತಾಗುವಷ್ಟರಲ್ಲಿ ನಾವು ಮುಳುಗಿರುತ್ತೇವೆ. ಧ್ರುವದ ಹಿಮ ಕರಗಿ ಕಡಲು ಏರುತ್ತಿರುವಾಗ ಮನುಷ್ಯ ಮತ್ತೆ ಕಡಲೇ ಆಗಿಬಿಡಬಹುದು ಎಂಬುದು ಆಡಮ್ಸ್ ಆತಂಕ. ಅದನ್ನು ಅವರು ಭಾಷಣ ಮಾಡಿ ಹೇಳಿಲ್ಲ. ಕೃತಿಯಲ್ಲಿ ಒಂದು ಪದವೂ ಇಲ್ಲ.

ಭಾಷಣ ಮಾಡಲು ಬಾರದವರೇನೂ ಅಲ್ಲ. 1953ರಲ್ಲಿ ಹುಟ್ಟಿದ ಆಡಮ್ಸ್ ಹರೆಯದಲ್ಲಿ ರಾಕ್ ಬ್ಯಾಂಡಿನ ಡ್ರಮ್ಮರ್. 1978ರಲ್ಲಿ ಅಲಾಸ್ಕಾಗೆ ಹೋಗಿ ನೆಲೆಸಿದರು. ಅಲ್ಲಿ ಪರಿಸರ ಸಂಘಟನೆಯೊಂದನ್ನು ಮುನ್ನಡೆಸಿದರು, ಕಾಡಿನ ನಡುವೆ ನಲ್ಲಿ ನೀರಿಲ್ಲದ ಮರದ ಮನೆಯಲ್ಲಿ ವರ್ಷಗಟ್ಟಲೆ ಬದುಕಿದರು. ಕೊನೆಗೆ ಸಂಗೀತಕ್ಕಾಗಿ ಚಳವಳಿಯ ಕೆಲಸ ಬಿಟ್ಟರು. ಅವರು ಕೊಡುವ ಕಾರಣ ಸರಳ: ಹೋರಾಟದಲ್ಲಿ ತಮ್ಮ ಜಾಗಕ್ಕೆ ಇನ್ನೊಬ್ಬರು ಬರಬಹುದು, ಆದರೆ ತಮ್ಮ ತಲೆಯಲ್ಲಿರುವ ಸಂಗೀತವನ್ನು ಬೇರೆ ಯಾರೂ ಬರೆಯಲಾರರು. ಪುಲಿಟ್ಜರ್ ಬಂದಾಗ ಅವರಿಗೆ 61 ವರ್ಷ.

ಆದ್ದರಿಂದ ಎಲ್ಲರೂ ಕೆಲಸ ಬಿಟ್ಟು ಕಾಡಿಗೆ ಹೋಗಿ ಎಂದು ನಾನು ಹೇಳಿದರೆ ಅದು ಬೂಟಾಟಿಕೆ. ಪ್ಲೇಸ್‌ಮೆಂಟ್ ಬರುತ್ತಿದೆ, ಶಿಕ್ಷಣ ಸಾಲದ ಕಂತು ಕಾಯುವುದಿಲ್ಲ. ನನಗೂ ಕೆಲಸ ಬೇಕು. ಬಿಟ್ಟುಹೋದವರಿಗೆಲ್ಲ ಪ್ರಶಸ್ತಿಯೂ ಬರುವುದಿಲ್ಲ. ನನ್ನ ತಕರಾರು ಇಷ್ಟೇ: ‘ಏನು ಉಪಯೋಗ?’ ಎಂಬ ಒಂದೇ ಜರಡಿಯಲ್ಲಿ ನಾವು ಎಲ್ಲವನ್ನೂ ಸೋಸುತ್ತಿದ್ದೇವೆ. ‘ನಾನು ಮಾಡದಿದ್ದರೆ ಇದನ್ನು ಬೇರೆ ಯಾರಾದರೂ ಮಾಡುತ್ತಾರೆಯೇ?’ ಎಂಬ ಪ್ರಶ್ನೆ ನಮ್ಮ ಬಾಯಿಗೇ ಬರುವುದಿಲ್ಲ.

ನನ್ನದೇ ಉದಾಹರಣೆ ಹೇಳುತ್ತೇನೆ. ತೋಟದ ಬೋರ್‌ವೆಲ್ ಮೋಟರಿನ ಸದ್ದು ಕೇಳಿಯೇ ನೀರು ಇಳಿದಿದೆ ಎಂದು ನಮ್ಮಪ್ಪ ಹೇಳಿಬಿಡುತ್ತಾರೆ. ದಿನವೂ ಆ ಸದ್ದನ್ನು ರೆಕಾರ್ಡ್ ಮಾಡಿ, ಅಪ್ಪನ ಕಿವಿಗೆ ತಿಳಿಯುವುದನ್ನು ಮೈಕ್ರೊಫೋನಿಗೆ ಕಲಿಸಬಹುದೇ ಎಂದು ನೋಡುವ ಆಸೆ ನನಗಿತ್ತು. ‘ರೆಸ್ಯೂಮೆಗೆ ಏನು ಉಪಯೋಗ?’ ಎಂದು ಗೆಳೆಯರು ಕೇಳಿದ್ದಕ್ಕೆ ಕೈಬಿಟ್ಟೆ. ಎಲ್ಲ ತಂಡಗಳೂ ಮಾಡುವ ಮುಖ ಗುರುತಿಸಿ ಹಾಜರಿ ಹಾಕುವ ಮಿನಿ ಪ್ರಾಜೆಕ್ಟನ್ನೇ ನಾವೂ ಆರಿಸಿಕೊಂಡೆವು. ಅದನ್ನು ಮಾಡಲು ನಾನೇ ಬೇಕಿರಲಿಲ್ಲ. ಅಪ್ಪನ ಮೋಟರಿನ ಸದ್ದು ಹುಟ್ಟಿದಾಗಿನಿಂದ ಕಿವಿಯಲ್ಲಿರುವುದು ಮಾತ್ರ ನನಗೆ.

ಕಳೆದ ರಜೆಯಲ್ಲಿ ರೆಕಾರ್ಡಿಂಗ್ ಶುರು ಮಾಡಿದ್ದೇನೆ. ಅದು ಪ್ರಾಜೆಕ್ಟ್ ಆಗುತ್ತದೋ ಇಲ್ಲವೋ, ಕೆಲಸದ ಅರ್ಜಿಗಳ ಜೊತೆಗೇ ನಡೆಯುತ್ತಿದೆ.

ನೀವೂ ಒಮ್ಮೆ ‘ಬಿಕಮ್ ಓಷನ್’ ಕೇಳಿ. ಹುಡುಕುವಾಗ ನಡುವಿನ ‘ಲೂಥರ್’ ಬಿಡಬೇಡಿ, ಜಾನ್ ಆಡಮ್ಸ್ ಎಂಬ ಇನ್ನೊಬ್ಬ ಪ್ರಸಿದ್ಧ ಸಂಯೋಜಕರೂ ಇದ್ದಾರೆ. ದೀಪ ಆರಿಸಿ, ಫೋನ್ ಮಗುಚಿಟ್ಟು ಕೇಳಿ. ಮೊದಲ ಐದು ನಿಮಿಷ ಏನೂ ಆಗುತ್ತಿಲ್ಲ ಎನಿಸಿದರೆ ಗಾಬರಿಯಾಗಬೇಡಿ. ಕಡಲು ಏರುತ್ತಿರುತ್ತದೆ.